ಹೊಳೆ ಒಯ್ದ ಮರದ ಸೇತುವೆ

ಸೇತುವೆಗೆ ಮಾಡು ಯಾಕೆ? ಕಳೆದ ಕಂತಿನ ಜೊತೆ ಹಾಕಿದ್ದ ಫೋಟೋ ನೋಡಿ ಐದಾರು ಜನ ಇದೇ ಪ್ರಶ್ನೆ ಬರೆದು ಕಳಿಸಿದ್ದೀರಿ. ಒಬ್ಬರಿಗೆ ಅದು ಹೊಳೆ ಮೇಲೆ ಕಟ್ಟಿದ ಹುಲ್ಲಿನ ಕೊಟ್ಟಿಗೆ ಹಾಗೆ ಕಂಡಿತಂತೆ. ಇನ್ನೊಬ್ಬರು "ಹಿಮ ಬೀಳಬಾರದು ಅಂತ ಇರಬೇಕು ಬಿಡಿ" ಎಂದು ಉತ್ತರವನ್ನೂ ತಾವೇ ಕೊಟ್ಟುಕೊಂಡಿದ್ದಾರೆ. ಮತ್ತೊಬ್ಬರು ಮೆರಿಲ್ ಸ್ಟ್ರೀಪ್ ಅವರ 'ದಿ ಬ್ರಿಡ್ಜಸ್ ಆಫ್ ಮ್ಯಾಡಿಸನ್ ಕೌಂಟಿ' ಸಿನಿಮಾ ನೆನಪಿಸಿಕೊಂಡು, ಪ್ರೇಮಿಗಳು ಮಳೆಯಲ್ಲಿ ನೆನೆಯದಿರಲಿ ಅಂತ ಕಟ್ಟಿರಬೇಕು ಎಂದಿದ್ದಾರೆ. ಈ ಸೇತುವೆಗಳಿಗೆ ಅಮೆರಿಕದವರು ಇಟ್ಟ ಅಡ್ಡಹೆಸರೇ ಮುತ್ತಿನ ಸೇತುವೆ. ಹಾಗಾಗಿ ಕೊನೆಯವರ ಊಹೆಯನ್ನು ಪೂರ್ತಿ ತಳ್ಳಿಹಾಕುವಂತಿಲ್ಲ.

ನಿಜವಾದ ಕಾರಣ ಅದಕ್ಕಿಂತ ಸಪ್ಪೆ. ಮಾಡು ಇರುವುದು ಮನುಷ್ಯರಿಗಲ್ಲ, ಕುದುರೆಗಳಿಗೂ ಅಲ್ಲ, ಸೇತುವೆಗೇ. ಮರ ಸದಾ ನೀರಲ್ಲಿ ಮುಳುಗಿದ್ದರೆ ಬಾಳುತ್ತದೆ, ಸದಾ ಒಣಗಿದ್ದರೂ ಬಾಳುತ್ತದೆ. ಇವತ್ತು ನೆನೆದು ನಾಳೆ ಒಣಗಿ ನಾಡಿದ್ದು ಮತ್ತೆ ನೆನೆದರೆ ಹಾಳಾಗುತ್ತದೆ. ಅದರಲ್ಲೂ ಎರಡು ದಿಮ್ಮಿ ಕೂಡುವ ಸಂದಿಯಲ್ಲಿ ನೀರು ನಿಂತರೆ ಒಳಗಿಂದಲೇ ಲಡ್ಡು. ತೆರೆದ ಮರದ ಸೇತುವೆ ಹತ್ತು ಹದಿನೈದು ವರ್ಷ ನಿಂತರೆ ಪುಣ್ಯ. ಅದೇ ಮರಕ್ಕೆ ಸೂರು ಕೊಟ್ಟು, ಬದಿಗೆ ಹಲಗೆ ಹೊಡೆದುಬಿಟ್ಟರೆ ನೂರು ವರ್ಷ ದಾಟುತ್ತದೆ. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಳೆಗಾಲಕ್ಕೆ ಮೊದಲು ನಮ್ಮ ಅಜ್ಜಿಮನೆಯ ಮಣ್ಣಿನ ಗೋಡೆಗೆ ಅಡಿಕೆ ಸೋಗೆ ಕಟ್ಟುತ್ತಿದ್ದರು. ಗೋಡೆಗೇನು ಚಳಿಯಾ ಅಂತ ನಾವು ಮಕ್ಕಳು ನಗುತ್ತಿದ್ದೆವು. ಲೆಕ್ಕ ಎರಡೂ ಕಡೆ ಒಂದೇ.

ಅಮೆರಿಕದಲ್ಲಿ ಇದು ಶುರುವಾದದ್ದು ಫಿಲಡೆಲ್ಫಿಯಾದಲ್ಲಿ. ಸ್ಕೂಲ್‌ಕಿಲ್ ನದಿಗೆ ಟಿಮೊಥಿ ಪಾಮರ್ ಎಂಬ ಬಡಗಿ ಕಟ್ಟಿದ ದೊಡ್ಡ ಮರದ ಸೇತುವೆ 1805ರಲ್ಲಿ ಓಡಾಟಕ್ಕೆ ತೆರೆಯಿತು. ಸೇತುವೆ ಕಂಪನಿಯ ಅಧ್ಯಕ್ಷರಾಗಿದ್ದವರು ನ್ಯಾಯಾಧೀಶ ರಿಚರ್ಡ್ ಪೀಟರ್ಸ್. ಇಷ್ಟು ದುಡ್ಡು ಸುರಿದ ಮೇಲೆ ಮಳೆಗೆ ಬಿಡುವುದು ಬೇಡ, ಮೇಲೊಂದು ಮಾಡು ಹಾಕಿ ಎಂದು ಹಠ ಹಿಡಿದವರು ಅವರೇ. ಸೇತುವೆಯ ಹೆಸರು ಕೂಡ 'ಪರ್ಮನೆಂಟ್ ಬ್ರಿಡ್ಜ್'. ಎಪ್ಪತ್ತು ವರ್ಷ ನಿಂತು 1875ರಲ್ಲಿ ಬೆಂಕಿಗೆ ಹೋಯಿತು. ಶಾಶ್ವತ ಎಂಬ ಹೆಸರಿನ ಮಟ್ಟಿಗೆ ಪರವಾಗಿಲ್ಲ ಅನ್ನಬೇಕು. ಅದನ್ನು ನೋಡಿ ಊರೂರಲ್ಲಿ ಮಾಡಿನ ಸೇತುವೆಗಳು ಎದ್ದವು, ಒಟ್ಟು ಹತ್ತು ಸಾವಿರಕ್ಕೂ ಮಿಕ್ಕಿ ಎನ್ನುತ್ತಾರೆ. ಈಗ ಉಳಿದವು ಸಾವಿರಕ್ಕಿಂತ ಕಡಿಮೆ.

ಹಿಮದ ಊಹೆ ಮಾಡಿದವರಿಗೆ ಒಂದು ತಮಾಷೆ ಹೇಳಲೇಬೇಕು. ಚಳಿಗಾಲದಲ್ಲಿ ಗಾಡಿಗಳ ಚಕ್ರ ಕಳಚಿಟ್ಟು ಜಾರುಬಂಡಿ ಕಟ್ಟುತ್ತಿದ್ದ ಕಾಲ ಅದು. ರಸ್ತೆ ತುಂಬ ಹಿಮ, ಆದರೆ ಸೇತುವೆಯೊಳಗೆ ಒಣ ಹಲಗೆ! ಬಂಡಿ ಜಾರುವುದೇ ಇಲ್ಲ. ಅದಕ್ಕೆ ಹೊರಗಿನ ಹಿಮವನ್ನು ಸಲಿಕೆಯಲ್ಲಿ ತಂದು ಸೇತುವೆಯೊಳಗೆ ಹರಡಲು ಊರಿನವರು ಆಳು ಇಡುತ್ತಿದ್ದರು. ಹಿಮ ತಡೆಯಲಿಕ್ಕೆ ಮಾಡು ಹಾಕಿದರು ಅನ್ನೋಣವೇ ಈಗ?

ಆ ಫೋಟೋದಲ್ಲಿದ್ದ ಸೇತುವೆ ಬ್ಲೆನಿಮ್ ಎಂಬಲ್ಲಿಯದು. ಮಗಳ ಮನೆ ಇರುವುದು ನ್ಯೂಯಾರ್ಕ್ ರಾಜ್ಯದ ರಾಜಧಾನಿ ಆಲ್ಬನಿಯ ಆಚೆ. ನ್ಯೂಯಾರ್ಕ್ ಅಂದ ಕೂಡಲೇ ಗಗನಚುಂಬಿ ಕಟ್ಟಡ ನೆನೆಯಬೇಡಿ, ಈ ಕಡೆ ಬರೀ ಗುಡ್ಡ, ದನ, ಜೋಳದ ಹೊಲ. ದಕ್ಷಿಣದ ಕ್ಯಾಟ್‌ಸ್ಕಿಲ್ ಬೆಟ್ಟಗಳಲ್ಲಿ ಹುಟ್ಟಿ ಉತ್ತರಕ್ಕೆ ಹರಿದು ಮೊಹಾಕ್ ನದಿ ಸೇರುವ ಸ್ಕೋಹ್ಯಾರಿ ಎಂಬ ಹೊಳೆ ಇದೆ. ಆ ಹೆಸರು ಅಲ್ಲಿನ ಮೂಲನಿವಾಸಿ ಮೊಹಾಕ್ ಜನರ ಮಾತು. ಪ್ರವಾಹದಲ್ಲಿ ತೇಲಿಬಂದ ಮರ ಎಂದು ಅದರ ಅರ್ಥವಂತೆ. ಹೊಳೆಯ ಸ್ವಭಾವ ಅವರಿಗೆ ಗೊತ್ತಿತ್ತು. ಬೇಸಿಗೆಯಲ್ಲಿ ನೋಡಿದರೆ ಮೊಣಕಾಲು ನೀರು, ಕಲ್ಲುಗುಂಡು ಕಾಣುತ್ತಿರುತ್ತದೆ. ನಮ್ಮ ಹಳ್ಳಗಳ ಹಾಗೇ, ನೋಡಿದರೆ ಸಾಧು.

ಉತ್ತರ ಬ್ಲೆನಿಮ್ ಎಂಬ ಸಣ್ಣ ಊರಿನ ಬಳಿ ಈ ಹೊಳೆ ದಾಟಲು ಒಂದು ಖಾಸಗಿ ಕಂಪನಿ ಸೇತುವೆ ಕಟ್ಟಿಸಿತು, ಸುಂಕ ವಸೂಲಿ ಮಾಡಿ ದುಡ್ಡು ತೆಗೆಯುವ ಲೆಕ್ಕದಲ್ಲಿ. ವರ್ಷ 1855. ಕೆಲಸಕ್ಕೆ ಕರೆಸಿದ್ದು ಪಕ್ಕದ ವರ್ಮಾಂಟ್ ರಾಜ್ಯದ ನಿಕೋಲಸ್ ಮಾಂಟ್ಗೊಮರಿ ಪವರ್ಸ್ ಎಂಬ ಬಡಗಿಯನ್ನು. ಹುಟ್ಟಿದ್ದು 1817ರಲ್ಲಿ, ಅಂದರೆ ಆಗ ಅವನಿಗೆ ಮೂವತ್ತೆಂಟರ ಆಸುಪಾಸು. ಇಪ್ಪತ್ತು ತುಂಬುವ ಹೊತ್ತಿಗೆ ತನ್ನ ಊರಲ್ಲಿ ಮೊದಲ ಸೇತುವೆ ಕಟ್ಟಿದವನು. ಹುಡುಗ ಮರ ಹಾಳು ಮಾಡಿದರೆ ನಷ್ಟ ನಾನು ತುಂಬಿಕೊಡುತ್ತೇನೆ ಎಂದು ಅಪ್ಪ ಜಾಮೀನು ನಿಂತ ಮೇಲೆಯೇ ಊರಿನವರು ಆ ಕೆಲಸ ಕೊಟ್ಟರು ಎಂಬ ಕಥೆ ಇದೆ. ಎಲ್ಲ ದೇಶದಲ್ಲೂ ಅಪ್ಪಂದಿರು ಒಂದೇ.

ಇವನಿಗೆ ಸಿಕ್ಕ ಲೆಕ್ಕ ಸಲೀಸಿನದಲ್ಲ. ಹೊಳೆಯ ನಡುವೆ ಕಂಬ ಕೊಟ್ಟರೆ ಮಂಜುಗಡ್ಡೆ, ಕೊಚ್ಚಿ ಬರುವ ಮರ ಎಲ್ಲ ಅದಕ್ಕೇ ಬಡಿಯುತ್ತದೆ. ಹಾಗಾಗಿ ಕಂಬವೇ ಇಲ್ಲದೆ ಈ ದಡದಿಂದ ಆ ದಡಕ್ಕೆ ಒಂದೇ ಜಿಗಿತ. ನಡುವಿನ ಖಾಲಿ 210 ಅಡಿ. ನಮ್ಮ ಕೆಂಪು ಬಸ್ಸುಗಳನ್ನು ಒಂದರ ಹಿಂದೊಂದು ಐದು ನಿಲ್ಲಿಸಿದರೆ ಎಷ್ಟು ಉದ್ದವೋ ಅಷ್ಟು. ಒಟ್ಟು ಸೇತುವೆ 232 ಅಡಿ. ಸಾಲದ್ದಕ್ಕೆ ಎರಡು ದಾರಿ ಬೇಕು, ಹೋಗುವ ಗಾಡಿಗೊಂದು, ಬರುವ ಗಾಡಿಗೊಂದು.

ಆ ಕಾಲಕ್ಕೆ ಮರದ ಸೇತುವೆಯ ಪೇಟೆಂಟುಗಳದ್ದೇ ಒಂದು ಸಂತೆ. ಇಥಿಯಲ್ ಟೌನ್ ಎಂಬಾತ ಬಿದಿರುತಟ್ಟಿಯಂತೆ ಹಲಗೆಗಳನ್ನು ಓರೆಯಾಗಿ ಹೆಣೆದು ಪೇಟೆಂಟ್ ಮಾಡಿಸಿಕೊಂಡಿದ್ದ. ಮೊದಲೇ ಕೇಳಿ ಕಟ್ಟಿದರೆ ಅಡಿಗೆ ಒಂದು ಡಾಲರ್, ಕದ್ದು ಕಟ್ಟಿ ಸಿಕ್ಕಿಬಿದ್ದರೆ ಎರಡು! ಪವರ್ಸ್ ಆರಿಸಿಕೊಂಡದ್ದು ಸ್ಟೀಫನ್ ಲಾಂಗ್ ಎಂಬ ಸೇನಾ ಎಂಜಿನಿಯರನ ವಿನ್ಯಾಸ. ಕೊಲರಾಡೋದ ಲಾಂಗ್ಸ್ ಪೀಕ್ ಶಿಖರಕ್ಕೆ ಹೆಸರು ಬಂದದ್ದು ಇದೇ ಮನುಷ್ಯನಿಂದ. ಮೇಲೊಂದು ಉದ್ದ ತೊಲೆ, ಕೆಳಗೊಂದು ಉದ್ದ ತೊಲೆ, ನಡುವೆ ಸಾಲಾಗಿ ನೆಟ್ಟ ಕಂಬ, ಎರಡೆರಡು ಕಂಬದ ಸಂದಿನಲ್ಲಿ ಗುಣಾಕಾರದ ಚಿಹ್ನೆಯಂತೆ ಕತ್ತರಿ ಹಾಕಿದ ಓರೆ ದಿಮ್ಮಿಗಳು. ಸಂದಿಗೆ ಮರದ ಬೆಣೆ ಬಡಿದು ಮೊದಲೇ ಬಿಗಿಮಾಡಿಟ್ಟರೆ ಭಾರ ಬಿದ್ದಾಗ ಸಡಿಲವಾಗುವುದಿಲ್ಲ. ಮಂಚದ ಕಾಲು ಅಲ್ಲಾಡಿದರೆ ನಮ್ಮೂರ ಆಚಾರ್ರು ಬಂದು ಒಂದು ಬೆಣೆ ಬಡಿದು ಹೋಗುತ್ತಿದ್ದರಲ್ಲ, ಅದೇ ವಿದ್ಯೆ.

ಇಂಥ ಮೂರು ಚೌಕಟ್ಟು ನಿಲ್ಲಿಸಿದ, ಎಡಕ್ಕೊಂದು, ಬಲಕ್ಕೊಂದು, ಎರಡೂ ದಾರಿಯ ನಡುವೆ ಒಂದು. ನಡುವಿನದರಲ್ಲೇ ಇರುವುದು ಅವನ ಕೈಚಳಕ. ಅದನ್ನು ಎರಡು ಬದಿಗಿಂತ ಎತ್ತರ ಮಾಡಿ, ಅದರೊಳಗೆ ದೊಡ್ಡದೊಂದು ಮರದ ಕಮಾನು ಕೂರಿಸಿದ. ಸೀಳಿದ ಮರಗಳನ್ನು ಒಂದರ ಮೇಲೊಂದು ಬಾಗಿಸಿ ಬಿಗಿದು ಮಾಡಿದ ಈ ಕಮಾನು ದಡದ ಕಲ್ಲುಕಟ್ಟಡದಲ್ಲಿ, ನೆಲದ ತೊಲೆಗಿಂತ ಕೆಳಗೆ ಕಾಲೂರಿ ನಿಧಾನ ಏರುತ್ತ ಮಾಡಿನ ಶಿಖರದವರೆಗೆ ಹೋಗಿ ಮತ್ತೆ ಆಚೆ ದಡಕ್ಕೆ ಇಳಿಯುತ್ತದೆ. ಒಳಗೆ ನಿಂತು ನೋಡಿದರೆ ತಿಮಿಂಗಿಲದ ಬೆನ್ನುಮೂಳೆಯಂತೆ ಕಾಣುತ್ತಿತ್ತು ಎಂದು ಹಳೆಯ ಫೋಟೋ ನೋಡಿದಾಗ ನನಗನ್ನಿಸಿತು. ತಿಮಿಂಗಿಲದ ಬೆನ್ನುಮೂಳೆ ನಾನು ನೋಡಿಲ್ಲ, ಆ ಮಾತು ಬೇರೆ.

ಎಲ್ಲಕ್ಕಿಂತ ನನಗೆ ಇಷ್ಟವಾದ ಸಂಗತಿ, ಅವನು ಸೇತುವೆಯನ್ನು ಮೊದಲು ಹೊಳೆ ಮೇಲೆ ಕಟ್ಟಲೇ ಇಲ್ಲ. ಊರ ಹಿಂದಿನ ಬಯಲಿನಲ್ಲಿ ಮರಗಳನ್ನು ಕೊರೆದು, ಪೂರ್ತಿ ಜೋಡಿಸಿ ನೋಡಿ, ಸರಿ ಅನ್ನಿಸಿದ ಮೇಲೆ ಬಿಚ್ಚಿ, ತುಂಡುತುಂಡಾಗಿ ಹೊಳೆಗೆ ಸಾಗಿಸಿ, ಕೆಳಗಿನಿಂದ ಆಸರೆ ಕೊಟ್ಟು ಮತ್ತೆ ಜೋಡಿಸಿದ. ಬಯಲಲ್ಲಿ ಬಿದ್ದಿದ್ದ ಆ ರಾಶಿ ನೋಡಿದ ಊರಿನ ಕಟ್ಟೆಪಂಡಿತರು ಇಷ್ಟು ಭಾರ ತನ್ನನ್ನು ತಾನೇ ಹೊರಲಾರದು, ಬೀಳುತ್ತದೆ ಎಂದು ತೀರ್ಪು ಕೊಟ್ಟರಂತೆ. ಆಸರೆ ತೆಗೆಯುವ ದಿನ ಎಲ್ಲರೂ ದಡದಲ್ಲಿ ನೆರೆದರು. ಪವರ್ಸ್ ಮಾಡು ಹತ್ತಿ ಶಿಖರದ ಮೇಲೆ ಕಾಲು ಇಳಿಬಿಟ್ಟು ಕೂತ. ಇದು ಬಿದ್ದರೆ ನಾನೂ ಇದರ ಜೊತೆಗೇ ಎಂಬ ಅರ್ಥದ ಮಾತಾಡಿದ ಎನ್ನುತ್ತಾರೆ. ಆಸರೆಗಳನ್ನು ಒಂದೊಂದಾಗಿ ಕೆಡವಿದರು. ಸೇತುವೆ ಚೂರೇ ಚೂರು ಕುಗ್ಗಿ ನಿಂತಿತು.

ಇದು ನಡೆದ ಸಂಗತಿಯೋ ಬಾಯಿಮಾತಿನ ಕಥೆಯೋ, ನಾನು ಪಟ್ಟುಹಿಡಿದು ವಾದ ಮಾಡುವುದಿಲ್ಲ. ಸ್ವಿಟ್ಜರ್ಲೆಂಡಿನ ಶಾಫ್‌ಹೌಸನ್‌ನಲ್ಲೂ ಇಂಥದೊಂದು ಕಥೆ ಇದೆ. ಹಾನ್ಸ್ ಉಲ್ರಿಚ್ ಗ್ರುಬೆನ್‌ಮನ್ ಎಂಬ ಬಡಗಿ 1750ರ ದಶಕದಲ್ಲಿ ರೈನ್ ನದಿಗೆ ಮಾಡಿನ ಸೇತುವೆ ಕಟ್ಟಿದ. ನದಿಯಲ್ಲಿ ಹಳೆಯ ಸೇತುವೆಯ ಒಂದು ಕಂಬ ಉಳಿದಿತ್ತು. ನಗರದ ಹಿರಿಯರು ಆ ಕಂಬದ ಮೇಲೆ ಊರಿಯೇ ಕಟ್ಟಬೇಕು ಎಂದರು, ಅವನಿಗೆ ಅದು ಬೇಡವಾಗಿತ್ತು. ಕೊನೆಗೆ ಕಂಬಕ್ಕೆ ತಾಗಿದಂತೆ ತೋರಿಸಿ, ತಾಗದ ಹಾಗೆ ಕಟ್ಟಿದ ಎಂದು ಜನ ಹೇಳಿಕೊಂಡರು. ಆ ಸೇತುವೆಯನ್ನು 1799ರಲ್ಲಿ ಹಿಮ್ಮೆಟ್ಟುತ್ತಿದ್ದ ಫ್ರೆಂಚ್ ಸೈನ್ಯ ಸುಟ್ಟುಹಾಕಿತು. ಓದಿಲ್ಲದ ಬಡಗಿ, ಅನುಮಾನದ ಹಿರಿಯರು, ಕೊನೆಗೆ ಬಡಗಿ ಗೆಲ್ಲುವುದು. ಜನಕ್ಕೆ ಈ ಕಥೆ ಬೇಕಾಗಿರುತ್ತದೆ ಅಂತ ಕಾಣುತ್ತದೆ.

ಬ್ಲೆನಿಮ್ ಸೇತುವೆಯ ಮುಂದಿನ ಬಾಳು ಸಾಮಾನ್ಯದ್ದು. ಹುಲ್ಲಿನ ಗಾಡಿ, ದನ, ಶಾಲೆ ಮಕ್ಕಳು, ಸುಂಕ. 1869ರ ನೆರೆಯಲ್ಲಿ ಹೊಳೆ ಸೇತುವೆಯನ್ನು ಮುಟ್ಟದೆ, ಪಕ್ಕದ ದಡ ಕೊರೆದು ಹೊಸ ಹರಿವು ಮಾಡಿಕೊಂಡಿತು. ಅಲ್ಲಿಗೆ ಇನ್ನೊಂದು ತುಂಡು ಸೇತುವೆ ಸೇರಿಸಿದರು. 1930ರ ದಶಕದ ಆರಂಭದಲ್ಲಿ ಮೋಟಾರು ಕಾರುಗಳಿಗಾಗಿ ಪಕ್ಕದಲ್ಲೇ ಉಕ್ಕಿನ ಸೇತುವೆ ಬಂತು. ಇನ್ನು ಹಳೆಯದನ್ನು ಬಿಚ್ಚಿ ಸೌದೆ ಮಾಡುವುದು ರೂಢಿ. ಇಲ್ಲಿ ಹಾಗಾಗಲಿಲ್ಲ. ಕೌಂಟಿಯವರು, ನಮ್ಮ ಜಿಲ್ಲಾ ಪಂಚಾಯ್ತಿಯಂಥವರು ಎನ್ನಿ, ಇದು ನಮ್ಮ ಹಿರಿಯರ ನೆನಪು, ಇರಲಿ ಎಂದು ಇಟ್ಟುಕೊಂಡರು. ಅದೇ ದಶಕದಲ್ಲಿ ಹಳೆಯ ಕಟ್ಟಡಗಳ ಅಳತೆ ತೆಗೆದು ನಕ್ಷೆ ಬರೆಯುವ ಸರ್ಕಾರಿ ಯೋಜನೆಯೊಂದು ಶುರುವಾಗಿತ್ತು. ಮಹಾ ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡ ವಾಸ್ತುಶಿಲ್ಪಿಗಳಿಗೆ ಅನ್ನ ಕೊಡಲು ಮಾಡಿದ ಯೋಜನೆ. ಅವರು ಈ ಸೇತುವೆಯನ್ನೂ ಅಳೆದು ಹಾಳೆಗಿಳಿಸಿದರು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. 1964ರಲ್ಲಿ ರಾಷ್ಟ್ರೀಯ ಐತಿಹಾಸಿಕ ಸ್ಮಾರಕದ ಪಟ್ಟಿಗೂ ಸೇರಿತು.

ಹೊಳೆಯ ಬಗ್ಗೆ ಒಂದೆರಡು ಮಾತು ಹೇಳದೆ ಮುಂದಕ್ಕೆ ಹೋಗಲಾರೆ. ಬ್ಲೆನಿಮ್‌ಗೆ ಮೇಲೆ ಗಿಲ್ಬೋವಾ ಎಂಬ ಊರಿತ್ತು. 1920ರ ದಶಕದಲ್ಲಿ ನ್ಯೂಯಾರ್ಕ್ ನಗರಕ್ಕೆ ಕುಡಿಯುವ ನೀರು ಒಯ್ಯಲು ಅಲ್ಲಿ ಅಣೆಕಟ್ಟು ಕಟ್ಟಿ ಆ ಊರನ್ನೇ ಮುಳುಗಿಸಿದರು. ಲಿಂಗನಮಕ್ಕಿ ನೋಡಿದ ನಮಗೆ ಹೊಸದೇನಲ್ಲ ಬಿಡಿ. ಅಲ್ಲಿ ಕಲ್ಲು ತೆಗೆಯುವಾಗ ಸುಮಾರು 38 ಕೋಟಿ ವರ್ಷ ಹಳೆಯ ಮರದ ಬುಡಗಳು ಕಲ್ಲಾಗಿ ರಾಶಿರಾಶಿ ಸಿಕ್ಕವು. ಈಗಲೂ ರಸ್ತೆ ಬದಿಯಲ್ಲಿ ಇಟ್ಟಿದ್ದಾರೆ, ಮುಟ್ಟಿ ನೋಡಬಹುದು.

ಕೆಳಗೆ, ಹೊಳೆ ಮೊಹಾಕ್ ಸೇರುವ ಕಡೆ, ದೊಡ್ಡ ಹೆದ್ದಾರಿಯ ಕಾಂಕ್ರೀಟು-ಉಕ್ಕಿನ ಸೇತುವೆ ಇತ್ತು. 1950ರ ದಶಕದ ಎಂಜಿನಿಯರುಗಳು ಲೆಕ್ಕಹಾಕಿ ಕಟ್ಟಿದ್ದು. 1987ರ ಏಪ್ರಿಲ್ 5ರಂದು ವಸಂತದ ನೆರೆಯಲ್ಲಿ ನೀರು ಅದರ ಕಂಬದ ಬುಡದ ಮಣ್ಣನ್ನು ಕೊರೆದುಹಾಕಿತು. ಮೇಲಿಂದ ನೋಡಿದರೆ ಏನೂ ಕಾಣುತ್ತಿರಲಿಲ್ಲ. ಕಂಬ ಕುಸಿದು ಸೇತುವೆಯ ತುಂಡು ಹೊಳೆಗೆ ಬಿತ್ತು, ನಾಲ್ಕು ಕಾರು ಒಂದು ಲಾರಿ ಹಿಂದೆಯೇ ಹೋದವು. ಹತ್ತು ಜನ ಸತ್ತರು. ಸೇತುವೆ ಓದುವ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಈಗಲೂ ಇದು ಪಾಠ. ನೀರಿನೊಳಗಿನ ಬುಡವನ್ನೂ ಆಗಾಗ ತಪಾಸಣೆ ಮಾಡಬೇಕು ಎಂಬ ನಿಯಮ ಅಮೆರಿಕದಲ್ಲಿ ಬಿಗಿಯಾದದ್ದು ಇದರ ನಂತರ. ಅದೇ ಹೊಳೆಯ ಮೇಲೆ ಪವರ್ಸನ ಮರದ ಸೇತುವೆ ಆಗ 132 ವರ್ಷದ್ದು, ನಿಂತೇ ಇತ್ತು. ಮರ ಮೇಲು, ಕಾಂಕ್ರೀಟು ಕೀಳು ಅನ್ನುತ್ತಿಲ್ಲ ನಾನು. ನೀರಿನಲ್ಲಿ ಕಂಬ ಇಡದೆ ಹಾರಿದ್ದ ಬಡಗಿಯ ಬುದ್ಧಿ ಮೆಚ್ಚುತ್ತಿದ್ದೇನೆ, ಅಷ್ಟೇ.

ಆದರೆ ಹಾರಿದರೂ ಎತ್ತರಕ್ಕೆ ಮಿತಿ ಇದೆಯಲ್ಲ.

2011ರ ಆಗಸ್ಟ್ ಕೊನೆಗೆ ಐರೀನ್ ಎಂಬ ಚಂಡಮಾರುತ ಅಟ್ಲಾಂಟಿಕ್ ದಡ ಹಿಡಿದು ಮೇಲೆ ಬಂತು. ಟೀವಿಯವರೆಲ್ಲ ನ್ಯೂಯಾರ್ಕ್ ನಗರ ಮುಳುಗುತ್ತದೆ ಎಂದು ಕ್ಯಾಮೆರಾ ಹಿಡಿದು ನಿಂತಿದ್ದರು. ನಗರಕ್ಕೆ ಬರುವ ಹೊತ್ತಿಗೆ ಗಾಳಿಯ ಜೋರು ಇಳಿದಿತ್ತು, ನಗರ ಉಸಿರು ಬಿಟ್ಟಿತು. ಮಳೆ ಮಾತ್ರ ಅಲ್ಲಿ ನಿಲ್ಲದೆ ಬೆಟ್ಟಕ್ಕೆ ಹೋಗಿ ಸುರಿಯಿತು. ಕ್ಯಾಟ್‌ಸ್ಕಿಲ್‌ನ ಕೆಲವೆಡೆ ಒಂದು ದಿನದ ಆಚೀಚೆ ಹನ್ನೊಂದು ಇಂಚಿಗೂ ಹೆಚ್ಚು. ಆಗುಂಬೆಗೆ ಅದು ಜುಲೈ ತಿಂಗಳ ಒಂದು ಭಾನುವಾರ ಇರಬಹುದು. ಇಲ್ಲಿಯ ಹೊಳೆಗಳಿಗೆ ಅಂಥ ಮಳೆಯ ಅಭ್ಯಾಸವಿಲ್ಲ. ಗಿಲ್ಬೋವಾ ಅಣೆಕಟ್ಟು ಒಡೆಯುತ್ತದೋ ಎಂಬ ಭಯಕ್ಕೆ ಕಣಿವೆಯಲ್ಲಿ ಸೈರನ್ ಕೂಗಿತು, ಜನ ಉಟ್ಟಬಟ್ಟೆಯಲ್ಲಿ ಗುಡ್ಡ ಹತ್ತಿದರು. ಅಣೆಕಟ್ಟು ಉಳಿಯಿತು. ಆದರೆ ಅದರ ಮೇಲಿಂದ ಉಕ್ಕಿ ಬಂದ ನೀರೇ ಸಾಕಾಯಿತು, ಮನೆ, ಕೊಟ್ಟಿಗೆ, ಹೊಲ ಎಲ್ಲ ಹೋಯಿತು.

ಆಗಸ್ಟ್ 28, ಭಾನುವಾರ, ನೀರು ಸೇತುವೆಯ ನೆಲಕ್ಕೆ ಮುಟ್ಟಿತು. ಗಮನಿಸಿ, ಭಾರ ಹೊರುವುದರಲ್ಲಿ ಸೇತುವೆ ಸೋಲಲಿಲ್ಲ. ಬದಿಗೆ ಹೊಡೆದ ಹಲಗೆ ಅಂದರೆ 200 ಅಡಿ ಉದ್ದದ ಒಂದು ಗೋಡೆ. ಆ ಗೋಡೆಗೆ ಹೊಳೆಯೇ ಹೆಗಲು ಕೊಟ್ಟು ನೂಕಿದರೆ, ಮೇಲಿಂದ ಕೆಳಕ್ಕೆ ಬರುವ ಭಾರಕ್ಕೆಂದು ಕಟ್ಟಿದ ಚೌಕಟ್ಟು ಏನು ಮಾಡೀತು? 156 ವರ್ಷ ಮಳೆಯಿಂದ ಕಾಪಾಡಿದ ಹೊದಿಕೆಯೇ ಆ ದಿನ ನೀರಿಗೆ ಹಿಡಿ ಕೊಟ್ಟಿತು. ಸೇತುವೆ ದಡದಿಂದ ಕಿತ್ತುಹೋಯಿತು. ಅದೇ ದಿನ ವರ್ಮಾಂಟಿನ ಬಾರ್ಟನ್ಸ್‌ವಿಲ್‌ನಲ್ಲಿ 1870ರ ಇನ್ನೊಂದು ಮಾಡಿನ ಸೇತುವೆ ಹೊಳೆಗೆ ಬಿದ್ದಿತು. ಅದನ್ನು ಊರಿನವರೊಬ್ಬರು ಚಿತ್ರೀಕರಿಸಿದ್ದರು, ಲಕ್ಷಾಂತರ ಜನ ನೋಡಿದ ವಿಡಿಯೋ ಅದು. ನೀವೂ ನೋಡಿರಬಹುದು. ಸೇತುವೆ ಕೂಗಾಡುವುದಿಲ್ಲ, ಸುಮ್ಮನೆ ಒಂದು ಕಡೆ ಬಾಗಿ ಕೂತುಬಿಡುತ್ತದೆ, ತಲೆಸುತ್ತು ಬಂದವರ ಹಾಗೆ.

ನೆರೆ ಇಳಿದ ಮೇಲೆ ಜನ ಕೆಳಗಿನ ಹೊಲಗಳಲ್ಲಿ, ಮರದ ಬುಡಗಳಲ್ಲಿ ಸಿಕ್ಕಿಕೊಂಡಿದ್ದ ತೊಲೆ, ಹಲಗೆಗಳನ್ನು ಆಯ್ದರು. ಮೈಲಿಗಟ್ಟಲೆ ದೂರ ಹೋಗಿದ್ದವು. ಮತ್ತೆ ಕಟ್ಟೋಣ ಎಂಬ ಮಾತೂ ಬೇಗನೇ ಎದ್ದಿತು. ಜಗಳ ಶುರುವಾದದ್ದು ಅಲ್ಲಿಂದ. ಮನೆ ಕಳಕೊಂಡವರಿಗೆ ಇನ್ನೂ ಮನೆಯಿಲ್ಲ, ಗಾಡಿಯೇ ಓಡದ ಸೇತುವೆಗೆ ದುಡ್ಡಾ? ವಿಪತ್ತು ಪರಿಹಾರದ ಕೇಂದ್ರ ಸಂಸ್ಥೆ ಮೊದಲು ಆಗುವುದಿಲ್ಲ ಎಂದಿತು. ಕೌಂಟಿ ಮೇಲ್ಮನವಿ ಹಾಕಿ ಗೆದ್ದಿತು. ನಡುವೆ, ಇಲ್ಲದ ಸೇತುವೆ ಪಟ್ಟಿಯಲ್ಲಿರುವುದು ಹೇಗೆ ಎಂದು ರಾಷ್ಟ್ರೀಯ ಸ್ಮಾರಕದ ಹೆಸರನ್ನೂ ಹಿಂದಕ್ಕೆ ತೆಗೆದುಕೊಂಡರು. ಕೊನೆಗೆ 2017ರಲ್ಲಿ ಕೆಲಸ ಶುರುವಾಗಿ 2018ರಲ್ಲಿ ಹೊಸ ಸೇತುವೆ ನಿಂತಿತು. ನೆನಪಿಟ್ಟುಕೊಳ್ಳಿ ಎಂದಿದ್ದೆನಲ್ಲ, ಕೆಲಸವಿಲ್ಲದ ವಾಸ್ತುಶಿಲ್ಪಿಗಳು 1930ರ ದಶಕದಲ್ಲಿ ಬರೆದ ಹಾಳೆಗಳು, ಅವು ಈಗ ಕೈಗೆ ಬಂದವು. ಅದೇ ಮೂರು ಚೌಕಟ್ಟು, ಅದೇ ನಡುಕಮಾನು, ಹಳೆಯ ಜಾಗ. ಒಂದೇ ವ್ಯತ್ಯಾಸ, ಈ ಸಲ ಹೊಳೆಯಿಂದ ಇನ್ನಷ್ಟು ಎತ್ತರಕ್ಕೆ ಕೂರಿಸಿದ್ದಾರೆ. ಆ ಎತ್ತರ ನೋಡಿದರೆ ಕಣ್ಣಿಗೆ ಸ್ವಲ್ಪ ಒಗ್ಗುವುದಿಲ್ಲ, ಮೆಟ್ಟು ಹಾಕಿ ನಿಂತ ಅಜ್ಜನ ಹಾಗೆ.

ನಾವು ಹೋದದ್ದು ಅಕ್ಟೋಬರಿನಲ್ಲಿ. ಅಳಿಯನಿಗೆ ಇಂಥದ್ದರಲ್ಲಿ ಆಸಕ್ತಿ ಕಡಿಮೆ. "ಅತ್ತೆ, ಇದು ಒರಿಜಿನಲ್ ಅಲ್ಲ, ಡೂಪ್ಲಿಕೇಟು" ಎಂದು ಕಾರಿನಲ್ಲೇ ಹೇಳಿಬಿಟ್ಟ. ಒಳಗೆ ಹೊಸ ಮರದ ವಾಸನೆ, ಬೋಲ್ಟುಗಳ ಹೊಳಪು ಇನ್ನೂ ಹೋಗಿಲ್ಲ. ಹತ್ತಿರದ ಒಂದು ಸಣ್ಣ ಅಂಗಡಿಯಲ್ಲಿ ಕಾಫಿಗೆ ನಿಂತಾಗ ಅಲ್ಲಿದ್ದ ವಯಸ್ಸಾದ ಹೆಂಗಸು, ಎಲ್ಲಿಂದ ಬಂದಿರಿ ಎಂದು ಮಾತಿಗೆ ಸಿಕ್ಕರು. ಸೇತುವೆ ನೋಡಲು ಅಂದೆ. ಅವರು ಹೊಸದರೊಳಗೆ ಇನ್ನೂ ಕಾಲಿಟ್ಟಿಲ್ಲವಂತೆ. ಕೋಪವೇನಿಲ್ಲ, ಹೋಗಬೇಕು ಅನ್ನಿಸಿಲ್ಲ ಅಷ್ಟೇ ಎಂದರು. ಅಡುಗೆಮನೆಯ ಕಿಟಕಿಯಲ್ಲಿ ಹಳೆಯದರ ಒಂದು ಗೇಣುದ್ದದ ಮರದ ತುಂಡು ಇಟ್ಟುಕೊಂಡಿದ್ದಾರಂತೆ, ನೆರೆ ಇಳಿದ ವಾರ ತಮ್ಮ ತೋಟದಲ್ಲಿ ಸಿಕ್ಕಿದ್ದು. ಅದು ಸೇತುವೆಯದೇ ಅಂತ ಹೇಗೆ ಗೊತ್ತಾಯಿತು ಎಂದು ಮಗಳು ಕೇಳಿದಳು. ಸ್ವಲ್ಪ ಅಧಿಕಪ್ರಸಂಗವೇ. ಆಕೆ ನಕ್ಕರು. ಗೊತ್ತಿಲ್ಲ, ಯಾರದೋ ಕೊಟ್ಟಿಗೆಯದೂ ಆಗಿರಬಹುದು, ಆ ದಿನ ಕೊಟ್ಟಿಗೆಗಳೂ ಬಹಳ ಹೋದವು ಎಂದರು.

ದಾರಿಯುದ್ದಕ್ಕೂ ಕಾರಿನಲ್ಲಿ ಇದೇ ಚರ್ಚೆ. ನನ್ನ ವಾದ ಬೇರೆ. ನಮ್ಮೂರ ತೇರಿನ ಚಕ್ರ ಬದಲಾಗಿದೆ, ಅಚ್ಚು ಬದಲಾಗಿದೆ, ಮೇಲಿನ ಅಟ್ಟಣಿಗೆಯಂತೂ ಎಷ್ಟು ಸಲವೋ. ಯಾರೂ ಅದನ್ನು ಡೂಪ್ಲಿಕೇಟ್ ತೇರು ಅನ್ನುವುದಿಲ್ಲ. ಅದಕ್ಕೆ ಅಳಿಯ, ತೇರು ಒಂದೊಂದು ತುಂಡಾಗಿ ಬದಲಾಯಿತು, ಇದು ಒಂದೇ ಸಲ ಹೋಯಿತು ಅಂದ. ಸರಿಯಾದ ಮಾತೇ. ಜೊತೆಗೆ ಇನ್ನೊಂದೂ ಇದೆ, ತೇರನ್ನು ಎಳೆಯುತ್ತೇವೆ. ಈ ಸೇತುವೆಯ ಮೇಲೆ ಈಗ ಗಾಡಿ ಹೋಗುವುದಿಲ್ಲ, ಪಕ್ಕದ 30ನೇ ನಂಬರಿನ ರಸ್ತೆಯಲ್ಲಿ ಎಲ್ಲ ವಾಹನ ಓಡುತ್ತದೆ. ಆದರೂ ದುಡ್ಡು ದಂಡ ಎಂಬ ಮಾತಿಗೆ ನನ್ನ ಒಪ್ಪಿಗೆಯಿಲ್ಲ. ಹೊಸದನ್ನು ಕಟ್ಟಿದ ಬಡಗಿಗಳು ಈ ವಿದ್ಯೆಯನ್ನು ಕೈಯಾರೆ ಕಲಿತರಲ್ಲ, ನಕ್ಷೆಯಲ್ಲಿದ್ದ ಕಮಾನನ್ನು ಮರದಲ್ಲಿ ಬಾಗಿಸಿದರಲ್ಲ. ಅಷ್ಟಾದರೂ ಉಳಿಯಿತು. ಮನೆ ಹೋದವರಿಗೆ ಮೊದಲು ಮನೆ ಕೊಡಬೇಕಿತ್ತು ಎಂಬುದಕ್ಕೆ ಮಾತ್ರ ನನ್ನ ಹತ್ತಿರ ಉತ್ತರವಿಲ್ಲ. ಎರಡೂ ನಿಜ.

ಬೆಂಕಿಯ ಕಥೆ ಬೇರೆಯೇ ಇದೆ. ಮ್ಯಾಡಿಸನ್ ಕೌಂಟಿಯ ಸೀಡರ್ ಸೇತುವೆಯನ್ನು 2002ರಲ್ಲಿ ಯಾರೋ ಸುಟ್ಟರು, ಮತ್ತೆ ಕಟ್ಟಿದರು. 2017ರಲ್ಲಿ ಪಡ್ಡೆ ಹುಡುಗರು ಅದನ್ನೂ ಸುಟ್ಟರು. ಮತ್ತೆ ಕಟ್ಟಿದರು! ಪೆನ್ಸಿಲ್ವೇನಿಯಾದಲ್ಲಿ ಸಸ್ಕ್ವೆಹಾನಾ ನದಿಯ ಮೇಲೆ ಒಂದು ಮೈಲಿಗೂ ಉದ್ದದ ಮಾಡಿನ ಸೇತುವೆಯಿತ್ತು. ಅಂತರ್ಯುದ್ಧದಲ್ಲಿ ದಕ್ಷಿಣದ ಸೈನ್ಯ ದಾಟಬಾರದೆಂದು 1863ರ ಜೂನ್ 28ರಂದು ಉತ್ತರದವರೇ ಬೆಂಕಿ ಕೊಟ್ಟರು. ಅದರ ಬಗ್ಗೆ ಬರೆಯಲು ಹೊರಟರೆ ಇನ್ನೊಂದು ಕಂತು ಬೇಕು.

ಮರೆತಿದ್ದೆ, ಅತಿ ಉದ್ದದ ಜಿಗಿತ ಯಾರದು ಎಂದು ಬ್ಲೆನಿಮ್‌ನವರಿಗೂ ಕ್ಯಾಲಿಫೋರ್ನಿಯಾದ ಬ್ರಿಡ್ಜ್‌ಪೋರ್ಟ್‌ನವರಿಗೂ ಬಹಳ ವರ್ಷ ಪೈಪೋಟಿ ಇತ್ತು. 1862ರ ಆ ಸೇತುವೆಗೂ ಇದಕ್ಕೂ ಒಂದೆರಡು ಅಡಿಯ ತಕರಾರು, ಎಲ್ಲಿಂದ ಎಲ್ಲಿಗೆ ಅಳೆಯುತ್ತೀರಿ ಎಂಬುದರ ಮೇಲೆ. ಈಗ ಉಳಿದ ಹಳೆಯವುಗಳಲ್ಲಿ ಅದೇ ಉದ್ದ. ಪವರ್ಸನ ಕೈಯದು ನೋಡಬೇಕೆಂದರೆ ವರ್ಮಾಂಟಿನ ಶ್ರೂಸ್‌ಬರಿಗೆ ಹೋಗಬೇಕು. ಅವನು 1880ರಲ್ಲಿ ಕಟ್ಟಿದ ಬ್ರೌನ್ ಸೇತುವೆ ಕಾಡಿನ ನಡುವೆ ಒಂದು ಹೊಳೆಯ ಮೇಲಿದೆ. ಐರೀನ್ ಅದಕ್ಕೂ ಏಟು ಕೊಟ್ಟಿತ್ತು, ರಿಪೇರಿ ಮಾಡಿದರು. ಇದು ಮಾತ್ರ ಒರಿಜಿನಲ್ಲು. ವಸಂತ ಬರಲಿ, ಕರೆದುಕೊಂಡು ಹೋಗುತ್ತೇನೆ ಅಂದಿದ್ದಾನೆ ಅಳಿಯ. ವೀಸಾ ಮುಗಿಯುವುದು ಮಾರ್ಚಿಗೆ, ಹಿಮ ಕರಗುವುದು ಏಪ್ರಿಲಿಗೆ.